ವೆನಿಸ್‌ನಲ್ಲಿ 110 ಅಂದರೆ ಎಷ್ಟು ನೀರು?

"ನವೆಂಬರಿಗೆ ವೆನಿಸ್ ಟಿಕೆಟ್ ಬುಕ್ ಆಗಿದೆ. ಈಗ ನೋಡಿದರೆ ನೀರು 110 ಸೆಂಟಿಮೀಟರ್ ಬರುತ್ತದಂತೆ. ಸೊಂಟ ದಾಟಿತಲ್ಲ! ಮಕ್ಕಳನ್ನು ಕಟ್ಟಿಕೊಂಡು ಹೋಗೋದು ಹೇಗೆ?" ದಸರಾ ಕಳೆದು ಯುರೋಪಿಗೆ ಹೊರಟವರಿಂದ ಈ ಪ್ರಶ್ನೆ ಕೇಳುತ್ತಲೇ ಇರುತ್ತೇನೆ. ಕೆಲವರು ಹೆದರಿ ಟಿಕೆಟ್ ಕ್ಯಾನ್ಸಲ್ ಮಾಡಿದ್ದೂ ಉಂಟು. ಅದು ನನಗೆ ಬೇಸರದ ವಿಷಯ. ಆ ಊರನ್ನು ನೋಡಲು ಶರತ್ಕಾಲಕ್ಕಿಂತ ಒಳ್ಳೆಯ ಹೊತ್ತಿಲ್ಲ ಅಂತ ನಂಬಿದವನು ನಾನು. ಆ 110ನ್ನು ಓದುವುದು ಹೇಗೆ ಅಂತ ಗೊತ್ತಿದ್ದರೆ ಹೆದರಿಕೆ ಮುಕ್ಕಾಲು ಪಾಲು ಹೋಗುತ್ತದೆ.

ಮೊದಲು ತಿಳಿಯಬೇಕಾದದ್ದು ಇಷ್ಟು. 110 ಅಂದರೆ ಬೀದಿಯಲ್ಲಿ 110 ಸೆಂಟಿಮೀಟರ್ ನೀರು ನಿಲ್ಲುತ್ತದೆ ಅಂತ ಅಲ್ಲ. ಕೆಆರ್‌ಎಸ್‌ನಲ್ಲಿ 124.80 ಅಡಿ ನೀರು ಅಂತ ಪೇಪರಿನಲ್ಲಿ ಓದಿದಾಗ ಮಂಡ್ಯದ ಗದ್ದೆಯಲ್ಲಿ ಅಷ್ಟು ನೀರು ನಿಂತಿದೆ ಅಂತ ಯಾರೂ ಅಂದುಕೊಳ್ಳುವುದಿಲ್ಲ. ಅದು ಒಂದು ಗೊತ್ತಾದ ಗುರುತಿನಿಂದ ಅಳೆದ ಮಟ್ಟ. ವೆನಿಸ್‌ನಲ್ಲೂ ಹಾಗೆಯೇ. ಅಲ್ಲಿನ ದೊಡ್ಡ ಕಾಲುವೆ ಸಮುದ್ರದ ಕಡೆ ತೆರೆದುಕೊಳ್ಳುವ ಮೂಲೆಗೆ ಪುಂಟಾ ದೆಲ್ಲಾ ಸಲೂತೆ ಅಂತ ಹೆಸರು. ನೀರಿನ ಮಟ್ಟವನ್ನು ಅಳೆಯುವುದು ಅಲ್ಲಿ. 1897ರಲ್ಲಿ ಸಮುದ್ರದ ಸರಾಸರಿ ಮಟ್ಟ ಎಲ್ಲಿತ್ತೋ ಅದನ್ನೇ ಸೊನ್ನೆ ಅಂತ ಇಟ್ಟುಕೊಂಡಿದ್ದಾರೆ. ಇವತ್ತಿಗೂ ಆ ಸೊನ್ನೆಯನ್ನು ಬದಲಾಯಿಸಿಲ್ಲ.

ಊರಿನ ಬೀದಿಗಳೆಲ್ಲ ಆ ಸೊನ್ನೆಗಿಂತ ಮೇಲಿವೆ. ಕೆಲವು ಜಾಸ್ತಿ ಮೇಲೆ, ಕೆಲವು ಸ್ವಲ್ಪವೇ ಮೇಲೆ. ಎಲ್ಲರೂ ಮೊದಲು ಓಡುವ ಸಾನ್ ಮಾರ್ಕೊ ಚೌಕವೇ ಎಲ್ಲಕ್ಕಿಂತ ತಗ್ಗಿನಲ್ಲಿದೆ. ಅಲ್ಲಿ 80-85ರ ಸುಮಾರಿಗೆ ನೆಲ ಒದ್ದೆಯಾಗಲು ಶುರು. ನೀರು 110 ಮುಟ್ಟಿದರೆ ಚೌಕದಲ್ಲಿ ನಿಲ್ಲುವುದು ಸುಮಾರು 25-30 ಸೆಂಟಿಮೀಟರ್. ಅಂದರೆ ದೊಡ್ಡವರ ಮೊಣಕಾಲಿಗಿಂತ ಕೆಳಗೆ. ಅದೇ ಹೊತ್ತಿಗೆ ಊರಿನ ನೆಲದಲ್ಲಿ ಒದ್ದೆಯಾಗಿರುವುದು ನೂರರಲ್ಲಿ 12 ಪಾಲು ಮಾತ್ರ. ಉಳಿದ ಕಡೆ ಜನ ಚಪ್ಪಲಿ ಹಾಕಿಕೊಂಡೇ ಕಾಫಿ ಕುಡಿಯುತ್ತಿರುತ್ತಾರೆ. ನೀರು 140 ದಾಟಿದರೆ ಮಾತ್ರ ಕಥೆ ಬೇರೆ. ಆಗ ಅರ್ಧಕ್ಕಿಂತ ಜಾಸ್ತಿ ಊರು ನೀರಿನಲ್ಲಿ.

ಇದಕ್ಕೆ ಅಲ್ಲಿನವರು ಇಟ್ಟ ಹೆಸರು 'ಆಕ್ವ ಆಲ್ತ'. ಎತ್ತರದ ನೀರು ಅಂತ ಅರ್ಥ. ಪ್ರವಾಹ ಅಂತ ಅವರು ಕರೆಯುವುದಿಲ್ಲ, ಅದು ಸರಿಯಾಗಿಯೇ ಇದೆ. ಪ್ರವಾಹ ಹೊಳೆಯಿಂದ ಬರುತ್ತದೆ, ಎಷ್ಟು ದಿನ ಇರುತ್ತದೋ ಗೊತ್ತಿಲ್ಲ. ಇದು ಸಮುದ್ರದ ಉಬ್ಬರ. ಕೆಲವು ಗಂಟೆ ಇರುತ್ತದೆ, ಆಮೇಲೆ ಬಂದ ದಾರಿಯಲ್ಲೇ ಹೊರಟುಹೋಗುತ್ತದೆ. ನಮ್ಮ ಕರಾವಳಿಯವರಿಗೆ ಇದನ್ನು ಬಿಡಿಸಿ ಹೇಳುವುದೇ ಬೇಡ. ಭರತ, ಇಳಿತ ಎರಡನ್ನೂ ನೋಡಿಯೇ ದೋಣಿ ಇಳಿಸುವವರು ಅವರು.

ಹಾಗಾದರೆ ಶರತ್ಕಾಲದಲ್ಲೇ ಯಾಕೆ? ಉಬ್ಬರವಂತೂ ವರ್ಷವಿಡೀ ದಿನಕ್ಕೆ ಎರಡು ಸಲ ಇದ್ದೇ ಇದೆ, ಅಮಾವಾಸ್ಯೆ ಹುಣ್ಣಿಮೆಗೆ ಜೋರು. ಆದರೆ ಚಂದ್ರ ಒಬ್ಬನಿಂದಲೇ ವೆನಿಸ್ ಮುಳುಗುವುದಿಲ್ಲ. ಅವನ ಜೊತೆಗೆ ಗಾಳಿ ಸೇರಬೇಕು. ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಆಗ್ನೇಯದ ಕಡೆಯಿಂದ ಶಿರೋಕ್ಕೊ ಅನ್ನುವ ಬಿಸುಪಾದ, ತೇವದ ಗಾಳಿ ಬೀಸುತ್ತದೆ. ಏಡ್ರಿಯಾಟಿಕ್ ಸಮುದ್ರದ ಆಕಾರ ಒಂದು ಸಲ ನಕ್ಷೆಯಲ್ಲಿ ನೋಡಿ. ಸುಮಾರು 800 ಕಿಲೋಮೀಟರ್ ಉದ್ದ, ಕಿರಿದಾಗಿದೆ, ಉತ್ತರದ ತುದಿ ಮುಚ್ಚಿದೆ. ವೆನಿಸ್ ಇರುವುದು ಆ ಮುಚ್ಚಿದ ತುದಿಯಲ್ಲೇ. ಶಿರೋಕ್ಕೊ ಈ ಸಮುದ್ರದ ಉದ್ದಕ್ಕೂ ಬೀಸಿ ನೀರನ್ನು ಒಂದೇ ಕಡೆ ಗುಡಿಸಿ ತಂದು ಮೂಲೆಗೆ ಹಾಕುತ್ತದೆ.

ಅದೇ ದಿನಗಳಲ್ಲಿ ಮೋಡ ಮುಸುಕಿದ, ಗಾಳಿಯ ಒತ್ತಡ ಕುಸಿದ ಹವೆಯೂ ಜಾಸ್ತಿ. ಒತ್ತಡ 1 ಮಿಲಿಬಾರ್ ಇಳಿದರೆ ಸಮುದ್ರ ಹೆಚ್ಚು ಕಡಿಮೆ 1 ಸೆಂಟಿಮೀಟರ್ ಏರುತ್ತದೆ. ಮೇಲಿಂದ ಒತ್ತಿ ಹಿಡಿದ ಕೈ ಸಡಿಲಾದ ಹಾಗೆ. ಒತ್ತಡ 20 ಮಿಲಿಬಾರ್ ಕುಸಿದರೆ ಅದೊಂದರಿಂದಲೇ ಒಂದು ಗೇಣು ನೀರು ಮೇಲೆ ಬಂತು.

ಇನ್ನೂ ಒಂದು ಸಂಗತಿ ಇದೆ, ನನಗೆ ಬಹಳ ಇಷ್ಟವಾದದ್ದು. ತಟ್ಟೆ ತುಂಬ ಸಾರು ಹಿಡಿದುಕೊಂಡು ನಡೆದು, ಫಕ್ಕನೆ ನಿಂತರೆ ಏನಾಗುತ್ತದೆ? ನಾವು ನಿಂತರೂ ಸಾರು ನಿಲ್ಲುವುದಿಲ್ಲ, ಆಚೆ ಈಚೆ ತುಳುಕುತ್ತಲೇ ಇರುತ್ತದೆ. ಏಡ್ರಿಯಾಟಿಕ್ ಕೂಡ ಹಾಗೆಯೇ. ಗಾಳಿ ನಿಂತ ಮೇಲೂ ಇಡೀ ಸಮುದ್ರ ತುಳುಕುತ್ತದೆ. ಒಂದು ಸಲ ಹೋಗಿ ಬರಲು ಸುಮಾರು 22 ಗಂಟೆ ಬೇಕು. ಹಾಗಾಗಿ ನಿನ್ನೆಯ ಬಿರುಗಾಳಿ ನೆಮ್ಮದಿಯ ಬಿಸಿಲಿನ ಇವತ್ತು ನೀರು ತರಬಹುದು. ಆಕಾಶ ನೋಡಿ ಲೆಕ್ಕ ಹಾಕುವವರು ತಪ್ಪುವುದು ಇಲ್ಲೇ.

ಚಂದ್ರ, ಗಾಳಿ, ಒತ್ತಡ, ತುಳುಕು. ನಾಲ್ಕೂ ಒಂದೇ ಗಂಟೆಗೆ ಕೂಡಿಬಂದರೆ ಊರಿಗೆ ಕಷ್ಟ. 1966ರ ನವೆಂಬರ್ 4ರಂದು ನೀರು 194 ಮುಟ್ಟಿತು. ಇದುವರೆಗಿನ ದಾಖಲೆ ಅದು. ಅಂದು ಎತ್ತರಕ್ಕಿಂತ ದೊಡ್ಡ ಪೆಟ್ಟು ಕೊಟ್ಟದ್ದು ಇಳಿತವೇ ಆಗದೆ ಹೋದದ್ದು. ಇಳಿಯಬೇಕಾದ ಹೊತ್ತಿನಲ್ಲಿ ಗಾಳಿ ನೀರನ್ನು ಹೊರಗೆ ಬಿಡಲೇ ಇಲ್ಲ. ಮುಂದಿನ ಉಬ್ಬರ ಅದರ ಮೇಲೇ ಬಂತು. ಸುಮಾರು 22 ಗಂಟೆ ನೀರು 110ಕ್ಕಿಂತ ಮೇಲೇ ನಿಂತಿತ್ತು. ಮನೆ ಬೆಚ್ಚಗಿಡಲು ನೆಲಮಾಳಿಗೆಯಲ್ಲಿ ತುಂಬಿಟ್ಟಿದ್ದ ಎಣ್ಣೆ ಟ್ಯಾಂಕುಗಳು ಒಡೆದವು. ನೀರು ಇಳಿದ ಮೇಲೆ ಗೋಡೆಗಳ ಮೇಲೆ ಕಪ್ಪು ಗೆರೆ ಉಳಿಯಿತು. ಆಮೇಲಿನ ದೊಡ್ಡ ಪೆಟ್ಟು 2019ರ ನವೆಂಬರ್ 12ರದ್ದು, 187. ಅವತ್ತು ಲಗೂನಿನ ಮೇಲೇ ಒಂದು ಸಣ್ಣ ಸುಳಿಗಾಳಿ ಎದ್ದು ಎಲ್ಲ ಲೆಕ್ಕವನ್ನೂ ಮೀರಿಸಿತು.

ಲಗೂನ್ ಅಂದರೆ ಊರಿನ ಸುತ್ತ ಇರುವ ಹಿನ್ನೀರು. ಸುಮಾರು 550 ಚದರ ಕಿಲೋಮೀಟರ್. ಸಮುದ್ರಕ್ಕೂ ಅದಕ್ಕೂ ನಡುವೆ ಉದ್ದನೆಯ ಮರಳಿನ ದಿಬ್ಬಗಳಿವೆ. ಆ ದಿಬ್ಬಗಳಲ್ಲಿ ಮೂರೇ ಬಾಗಿಲು: ಲಿಡೊ, ಮಾಲಮೊಕ್ಕೊ, ಕ್ಯೋಜ್ಜ. ಮಂಗಳೂರಿನವರು ಅಳಿವೆ ಬಾಗಿಲು ಅನ್ನುತ್ತಾರಲ್ಲ, ಅದೇ. ಉಬ್ಬರವೆಲ್ಲ ಈ ಮೂರು ಬಾಗಿಲಿನಿಂದಲೇ ಒಳಗೆ ಬರಬೇಕು. ಹಾಗಿದ್ದ ಮೇಲೆ ಬಾಗಿಲನ್ನೇ ಹಾಕಿಬಿಟ್ಟರೆ?

ಅದೇ 'ಮೋಸೆ' ಯೋಜನೆ. ಉದ್ದನೆಯ ಇಟಾಲಿಯನ್ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿದ್ದು, ಜೊತೆಗೆ ಸಮುದ್ರವನ್ನು ಇಬ್ಭಾಗ ಮಾಡಿದ ಬೈಬಲಿನ ಮೋಶೆಯ ನೆನಪು. ಮೂರು ಅಳಿವೆಗಳ ತಳದಲ್ಲಿ ಒಟ್ಟು 78 ಉಕ್ಕಿನ ಬಾಗಿಲುಗಳನ್ನು ಮಲಗಿಸಿದ್ದಾರೆ. ಒಂದೊಂದೂ 20 ಮೀಟರ್ ಅಗಲ, ಹಳದಿ ಬಣ್ಣ, ಒಳಗೆ ಟೊಳ್ಳು. ಮಾಮೂಲಿ ದಿನಗಳಲ್ಲಿ ಒಳಗೆಲ್ಲ ನೀರು ತುಂಬಿಕೊಂಡು ಸಮುದ್ರದ ತಳದಲ್ಲಿ ಮಲಗಿರುತ್ತವೆ. ಹಡಗುಗಳು ಅವುಗಳ ಮೇಲೇ ಹಾದುಹೋಗುತ್ತವೆ, ಕಣ್ಣಿಗೆ ಏನೂ ಕಾಣುವುದಿಲ್ಲ. ದೊಡ್ಡ ಉಬ್ಬರ ಬರುತ್ತದೆ ಅಂತಾದರೆ ಒಳಗೆ ಗಾಳಿ ತುಂಬುತ್ತಾರೆ. ಗಾಳಿ ಹೊಕ್ಕಂತೆ ನೀರು ಹೊರಗೆ ಹೋಗುತ್ತದೆ, ಬಾಗಿಲು ಹಗುರಾಗುತ್ತದೆ. ಒಂದು ತುದಿ ತಳದ ಕೀಲಿಗೆ ಸಿಕ್ಕಿಕೊಂಡಿರುವುದರಿಂದ ಇನ್ನೊಂದು ತುದಿ ಓರೆಯಾಗಿ ಮೇಲೇಳುತ್ತದೆ. ಮೇಲೆತ್ತಲು ಯಾವ ಕ್ರೇನೂ ಬೇಡ, ಖಾಲಿ ಬಿಂದಿಗೆ ತೇಲುವ ಲೆಕ್ಕವೇ ಸಾಕು.

ಅಘನಾಶಿನಿಯ ಗಜನಿ ಗದ್ದೆ ನೋಡಿದವರಿಗೆ ಇದರ ಚಿಕ್ಕ ರೂಪ ಗೊತ್ತು. ಅಲ್ಲಿ ಉಪ್ಪುನೀರನ್ನು ತಡೆಯಲು, ಬಿಡಲು ಜಂತ್ರಡಿ ಅನ್ನುವ ಹಲಗೆ ಬಾಗಿಲುಗಳಿವೆ. ಯಾವಾಗ ಹಾಕಬೇಕು, ಯಾವಾಗ ತೆಗೆಯಬೇಕು ಅನ್ನುವುದೇ ಅಲ್ಲಿನ ಜಾಣತನ. ವೆನಿಸ್‌ನಲ್ಲೂ ತಲೆನೋವು ಅದೇ.

ಮೋಸೆ ಕೆಲಸ ಶುರುವಾದದ್ದು 2003ರಲ್ಲಿ. ಖರ್ಚು 500 ಕೋಟಿ ಯೂರೋ ದಾಟಿತು. ನಡುವೆ 2014ರಲ್ಲಿ ಲಂಚದ ಹಗರಣ ಹೊರಬಿದ್ದು ಊರಿನ ಮೇಯರೇ ಬಂಧನಕ್ಕೆ ಒಳಗಾದರು. ಕೊನೆಗೂ 2020ರ ಅಕ್ಟೋಬರ್ 3ರಂದು ನಿಜವಾದ ಉಬ್ಬರದ ಎದುರು ಬಾಗಿಲುಗಳು ಮೊದಲ ಸಲ ಎದ್ದವು, ಊರು ಒಣಗಿಯೇ ಉಳಿಯಿತು. ಎರಡೇ ತಿಂಗಳಲ್ಲಿ, ಡಿಸೆಂಬರ್ 8ರಂದು, ಇನ್ನೊಂದು ಪಾಠ. ಮುನ್ಸೂಚನೆ ಕಡಿಮೆ ಹೇಳಿತ್ತು, ಬಾಗಿಲು ಏರಿಸಲಿಲ್ಲ, ನೀರು 138 ಬಂದೇ ಬಿಟ್ಟಿತು. 2022ರ ನವೆಂಬರ್ 22ರಂದು ಹೊರಗಿನ ಸಮುದ್ರ 170 ದಾಟಿದರೂ ಒಳಗೆ ಊರು ಸುರಕ್ಷಿತ. 2019ರಂಥ ಇನ್ನೊಂದು ದಿನ ಅಂದು ತಪ್ಪಿಹೋಯಿತು. ನನ್ನ ಲೆಕ್ಕದಲ್ಲಿ ಆ ಒಂದು ದಿನಕ್ಕಾದರೂ ಮೋಸೆ ಬೇಕಿತ್ತು.

ಇಲ್ಲಿಗೆ ಬಂದಾಗ ಎಲ್ಲರೂ ಕೇಳುತ್ತಾರೆ: ಹಾಗಾದರೆ ಈಗ ನೀರೇ ಬರುವುದಿಲ್ವಾ? ಬರುತ್ತದೆ. ಬಾಗಿಲು ಏರಿಸುವುದು ನೀರು 110 ಮುಟ್ಟುವ ಸೂಚನೆ ಇದ್ದಾಗ. ಸಾನ್ ಮಾರ್ಕೊ ಚೌಕ ಒದ್ದೆಯಾಗುವುದು 80-85ಕ್ಕೇ. ಈ ನಡುವಿನ ಅಂತರ ಇದ್ದೇ ಇದೆ. 95, 100, 105ರ ದಿನಗಳಲ್ಲಿ ಮೋಸೆ ಮಲಗಿಯೇ ಇರಬಹುದು, ಚೌಕದಲ್ಲಿ ನೀರು ಆಡುತ್ತಿರುತ್ತದೆ.

ಹಾಗಾದರೆ ಎಲ್ಲದಕ್ಕೂ ಯಾಕೆ ಏರಿಸಬಾರದು? ಒಂದೊಂದು ಸಲ ಏರಿಸಲೂ ಲಕ್ಷಗಟ್ಟಲೆ ಯೂರೋ ಖರ್ಚು. ಬಂದರಿನ ಹಡಗುಗಳು ಕಾಯಬೇಕು. ಎಲ್ಲಕ್ಕಿಂತ ಮುಖ್ಯ, ಲಗೂನ್ ಉಸಿರಾಡುವುದೇ ಈ ಉಬ್ಬರ ಇಳಿತದಿಂದ. ಹಳೆಯ ಊರಿನ ಬಹುಪಾಲು ಕೊಳೆನೀರು ಸೇರುವುದು ಕಾಲುವೆಗೇ. ದಿನಕ್ಕೆರಡು ಸಲ ಸಮುದ್ರ ಬಂದು ತೊಳೆದುಕೊಂಡು ಹೋಗದಿದ್ದರೆ ಊರು ನಾರುತ್ತದೆ, ಹಿನ್ನೀರಿನ ಮೀನು ಸಸ್ಯಗಳಿಗೂ ಕೇಡು. ಸಮುದ್ರ ಏರುತ್ತಾ ಹೋದಂತೆ ಬಾಗಿಲು ಹಾಕುವ ದಿನಗಳೂ ಜಾಸ್ತಿಯಾಗುತ್ತವೆ. ಇದಕ್ಕೆ ಯಾರ ಬಳಿಯೂ ಸುಲಭದ ಉತ್ತರ ಇಲ್ಲ.

ಇಂಥದ್ದೇ ಒಂದು ಬೆಳಗ್ಗೆ ನಾನು ಆ ಚೌಕದಲ್ಲಿದ್ದೆ. ಮುನ್ಸೂಚನೆ 95 ಅಂತಿತ್ತು. ನೀರು ಕಾಲುವೆಯ ಅಂಚು ದಾಟಿ ನುಗ್ಗುತ್ತದೆ ಅಂತ ಆ ಕಡೆಗೇ ನೋಡುತ್ತಾ ನಿಂತಿದ್ದೆ. ಅದು ಬಂದದ್ದು ಕಾಲ ಕೆಳಗಿನಿಂದ. ನೆಲಹಾಸಿನ ಕಲ್ಲಿನಲ್ಲಿ ಮಳೆನೀರು ಹೋಗಲು ತೂತುಗಳಿವೆ. ಮೊದಲು ಅದರಲ್ಲೊಂದು ಗುಳುಗುಳು ಅಂದಿತು. ಆಮೇಲೆ ಸಣ್ಣ ಊಟೆಯ ಹಾಗೆ ನೀರು ಉಕ್ಕಿ, ಕಲ್ಲಿನ ಸಂದಿನಲ್ಲಿ ಸದ್ದಿಲ್ಲದೆ ಹರಡಿತು. ಹತ್ತು ನಿಮಿಷದಲ್ಲಿ ಚೌಕದ ತುದಿಯ ಸಾನ್ ಮಾರ್ಕೊ ಚರ್ಚಿನ ಮುಂದೆ ಒಂದು ಕೆರೆ. ಚರ್ಚಿಗೆ ಮಾತ್ರ ಏನೂ ಆಗಲಿಲ್ಲ. 2022ರಲ್ಲಿ ಅದರ ಸುತ್ತ ಗಾಜಿನ ತಡೆಗೋಡೆ ಹಾಕಿದ್ದಾರೆ. ಗಾಜಿನ ಈಚೆ ನೀರು, ಆಚೆ ಒಣ ನೆಲ. ಐದು ಬಂಗಾರದ ಕಮಾನುಗಳು ತಲೆಕೆಳಗಾಗಿ ನೀರಿನಲ್ಲಿ ನಿಂತಿದ್ದವು. ಮೂರು ಗಂಟೆ ಕಳೆದು ಅದೇ ದಾರಿಯಲ್ಲಿ ವಾಪಸ್ ಬಂದಾಗ ಅಲ್ಲಿ ಬರೀ ಒದ್ದೆ ಕಲ್ಲು.

ಹೋಗುವವರು ಮಾಡಬೇಕಾದ್ದು ಹೆಚ್ಚೇನಿಲ್ಲ. ವೆನಿಸ್ ನಗರಸಭೆಗೆ ಉಬ್ಬರದ ಲೆಕ್ಕ ಹಾಕಲೆಂದೇ ಒಂದು ಕೇಂದ್ರ ಇದೆ, ಚೆಂತ್ರೊ ಮರೇ ಅಂತ. ಅವರ 'ಹೈ ಟೈಡ್ ವೆನಿಸ್' ಆ್ಯಪ್ ಫೋನಿಗೆ ಹಾಕಿಕೊಳ್ಳಿ. ಅದರಲ್ಲಿ ಅಲೆಯ ಹಾಗೆ ಏರಿ ಇಳಿಯುವ ಗೆರೆ ಇರುತ್ತದೆ. ತುದಿ ಎಷ್ಟು ಗಂಟೆಗೆ, ಎಷ್ಟು ಸೆಂಟಿಮೀಟರ್ ಅಂತ ನೋಡಿ. ನಮ್ಮಲ್ಲಿ ರಾಹುಕಾಲ ನೋಡಿ ಹೊರಡುವವರು ಇದ್ದಾರಲ್ಲ, ಅಲ್ಲಿ ಎಲ್ಲರೂ ಆ ಗೆರೆ ನೋಡಿಯೇ ಹೊರಡುವುದು. ಬೆಳಗ್ಗೆ 10ಕ್ಕೆ 100 ಅಂತಿದ್ದರೆ ಆ ಹೊತ್ತಿಗೆ ಸಾನ್ ಮಾರ್ಕೊ ಬಿಟ್ಟು ಎತ್ತರದ ಕಡೆಗೆ, ಯಾವುದಾದರೂ ಮ್ಯೂಸಿಯಂಗೆ ಹೋಗಿ. ಮಧ್ಯಾಹ್ನ ಚೌಕ ನಿಮ್ಮದು.

ನೀರು ಬರುವ ದಿನ ಮುಖ್ಯ ದಾರಿಗಳಲ್ಲಿ ಕಬ್ಬಿಣದ ಕಾಲಿನ ಮೇಲೆ ಹಲಗೆ ಹಾಸಿ ನಡೆದಾರಿ ಮಾಡಿರುತ್ತಾರೆ. ಅದರ ಮೇಲೆ ಒಬ್ಬರ ಹಿಂದೆ ಒಬ್ಬರು ಬಲಗಡೆಯಲ್ಲೇ ನಡೆಯಬೇಕು. ಫೋಟೋಗೆ ಅಂತ ದಯವಿಟ್ಟು ನಿಲ್ಲಬೇಡಿ. ಹಿಂದೆ ಕೆಲಸಕ್ಕೆ ಹೊರಟವರು, ಶಾಲೆಗೆ ಹೊರಟ ಮಕ್ಕಳು ಇರುತ್ತಾರೆ. ದೊಡ್ಡ ಉಬ್ಬರಕ್ಕೆ ಸೈರನ್ ಇದೆ. ಮೊದಲು ಕೂಗು, ಆಮೇಲೆ ಉದ್ದನೆಯ ಸ್ವರ. ಒಂದೇ ಸ್ವರ ಆದರೆ 110, ಎರಡಾದರೆ 120, ಮೂರಾದರೆ 130, ನಾಲ್ಕಾದರೆ 140 ಮತ್ತು ಮೇಲೆ. ಮೋಸೆ ಬಂದ ಮೇಲೆ ಅದನ್ನು ಕೇಳುವುದೇ ಅಪರೂಪ.

ಗಮ್‌ಬೂಟನ್ನು ಇಲ್ಲಿಂದ ಹೊತ್ತುಕೊಂಡು ಹೋಗುವುದು ಬೇಡ, ಅಲ್ಲೇ ಸಿಗುತ್ತದೆ. ಬೀದಿಯಲ್ಲಿ ಶೂ ಮೇಲೆ ಹಾಕುವ ಬಣ್ಣದ ಪ್ಲಾಸ್ಟಿಕ್ ಚೀಲವನ್ನೂ ಮಾರುತ್ತಾರೆ, ಒಂದು ದಿನಕ್ಕೆ ಸಾಕು. ರೂಮ್ ಬುಕ್ ಮಾಡುವಾಗ ಬಾಗಿಲ ಮುಂದೆ ನೀರು ಬರುತ್ತದಾ ಅಂತ ಒಂದು ಮಾತು ಕೇಳಿ. ಹೆಚ್ಚು ಕಡಿಮೆ ಪ್ರತಿ ಸೇತುವೆಗೂ ಮೆಟ್ಟಿಲಿದೆ, ಹಾಗಾಗಿ ಸೂಟ್‌ಕೇಸ್ ಚಿಕ್ಕದಿರಲಿ. ವಪೊರೆತ್ತೊ ಅನ್ನುವ ದೋಣಿ ಬಸ್ಸುಗಳು ಕೆಲವು ಕಡೆ ಸೇತುವೆ ಕೆಳಗೆ ನುಸುಳಲಾಗದೆ ದಾರಿ ಬದಲಿಸುತ್ತವೆ, ಸ್ವಲ್ಪ ಟೈಮ್ ಕೈಯಲ್ಲಿಟ್ಟುಕೊಳ್ಳಿ. ಒಂದು ಎಚ್ಚರಿಕೆ ಮಾತ್ರ ಮರೆಯಬೇಡಿ. ನೀರು ತುಂಬಿದಾಗ ಬೀದಿ ಎಲ್ಲಿ ಮುಗಿಯಿತು, ಕಾಲುವೆ ಎಲ್ಲಿ ಶುರುವಾಯಿತು ಅಂತ ಕಾಣುವುದೇ ಇಲ್ಲ. ಮಕ್ಕಳ ಕೈ ಬಿಡಬೇಡಿ, ಗೋಡೆಯ ಬದಿಯಲ್ಲೇ ನಡೆಯಿರಿ. ಆ ನೀರಿನಲ್ಲಿ ಆಡುವುದೂ ಬೇಡ. ಅದು ಕೊಳೆನೀರೂ ಹೌದು.

ಇಷ್ಟೆಲ್ಲ ತಾಪತ್ರಯ ಯಾಕೆ, ಬೇಸಿಗೆಯಲ್ಲೇ ಹೋಗಬಹುದಲ್ವಾ ಅನ್ನಬಹುದು. ಬೇಸಿಗೆಯಲ್ಲಿ ಆ ಊರಿನಲ್ಲಿ ಕಾಲಿಡಲು ಜಾಗವಿಲ್ಲ. ಹಳೆಯ ಊರಿನಲ್ಲಿ ಈಗ ವಾಸ ಇರುವವರು 50 ಸಾವಿರಕ್ಕಿಂತ ಕಡಿಮೆ. ಬೇಸಿಗೆಯಲ್ಲಿ ನಿಮಗೆ ಸಿಗುವುದು ನಿಮ್ಮಂಥ ಪ್ರವಾಸಿಗರೇ, ನವೆಂಬರಿನಲ್ಲಿ ಊರಿನವರು ಸಿಗುತ್ತಾರೆ. ರೂಮಿನ ಬಾಡಿಗೆಯೂ ಇಳಿದಿರುತ್ತದೆ. ಬೆಳಗ್ಗೆ ಮಂಜು ಕವಿಯುತ್ತದೆ, ಅಲ್ಲಿನ ಭಾಷೆಯಲ್ಲಿ ಕಾಯ್ಗೊ. ಮಡಿಕೇರಿಯ ಮಂಜಿನ ಹಾಗೆ ಬೆಟ್ಟದಿಂದ ಇಳಿಯುವುದಲ್ಲ, ನೀರಿನಿಂದಲೇ ಏಳುವುದು. ಸಂಜೆ ಐದಕ್ಕೆಲ್ಲ ಕತ್ತಲು, ಸ್ವೆಟರ್ ಜೊತೆಗೆ ಗಾಳಿ ತಡೆಯುವ ಜಾಕೆಟ್ ಬೇಕು.

ನವೆಂಬರ್ 2 ಅವರ ಪಿತೃಗಳ ದಿನ. ಅಂಗಡಿಗಳ ತುಂಬ ಸೇವಂತಿಗೆ. ನಮ್ಮವರಿಗೆ ಖುಷಿಯಾಗಿ ಯಾರ ಮನೆಗಾದರೂ ಒಂದು ಕಟ್ಟು ಒಯ್ಯೋಣ ಅನ್ನಿಸುತ್ತದೆ. ಒಯ್ಯಬೇಡಿ. ಇಟಲಿಯಲ್ಲಿ ಸೇವಂತಿಗೆ ಸಮಾಧಿಗೆ ಇಡುವ ಹೂವು. ಅಂದು ಜನ ಅದನ್ನು ಹಿಡಿದುಕೊಂಡು ಸಾನ್ ಮಿಕೇಲೆ ಅನ್ನುವ ಸ್ಮಶಾನ ದ್ವೀಪಕ್ಕೆ ದೋಣಿಯಲ್ಲಿ ಹೋಗುತ್ತಾರೆ.

ನವೆಂಬರ್ 21 ಇನ್ನೂ ದೊಡ್ಡ ದಿನ. 1630-31ರ ಪ್ಲೇಗಿನಲ್ಲಿ ಊರಿನ ಮೂರರಲ್ಲೊಂದು ಪಾಲು ಜನ ಸತ್ತರು. ಬದುಕಿಸಿದರೆ ಗುಡಿ ಕಟ್ಟಿಸುತ್ತೇವೆ ಅಂತ ಮಾತೆ ಮೇರಿಗೆ ಹರಕೆ ಹೊತ್ತರು. ಹಾಗೆ ಎದ್ದದ್ದು ದೊಡ್ಡ ಕಾಲುವೆಯ ಬಾಯಲ್ಲಿರುವ ಬಿಳಿ ಗುಮ್ಮಟದ ಸಲೂತೆ ಚರ್ಚು. ಕೆಸರಿನಲ್ಲಿ 10 ಲಕ್ಷಕ್ಕೂ ಜಾಸ್ತಿ ಮರದ ಗೂಟ ಬಡಿದು ಅದರ ಮೇಲೆ ನಿಲ್ಲಿಸಿದ್ದು ಅನ್ನುತ್ತಾರೆ. ಗಾಳಿ ಸೋಕದ ಕೆಸರಿನಲ್ಲಿರುವುದರಿಂದ ಆ ಮರ ಇಷ್ಟು ಕಾಲ ತಡೆದುಕೊಂಡಿದೆ. ಪ್ರತಿ ವರ್ಷ ಆ ದಿನಕ್ಕೆಂದೇ ಕಾಲುವೆಗೆ ಅಡ್ಡಲಾಗಿ ತಾತ್ಕಾಲಿಕ ಸೇತುವೆ ಹಾಕುತ್ತಾರೆ, ಇಡೀ ಊರು ಅದರ ಮೇಲೆ ನಡೆದುಹೋಗಿ ಮೇಣದಬತ್ತಿ ಹಚ್ಚುತ್ತದೆ. ಮನೆಗಳಲ್ಲಿ ಎಲೆಕೋಸು, ಉಪ್ಪು ಹಾಕಿ ಒಣಗಿಸಿದ ಕುರಿಮಾಂಸದ ಸಾರು. ನಾಲ್ಕು ಶತಮಾನದ ಹಿಂದಿನ ಹರಕೆಯನ್ನು ಒಂದು ಊರು ಇನ್ನೂ ತೀರಿಸುತ್ತಿರುವುದನ್ನು ನೋಡಲು ಒಂದು ದಿನ ಎತ್ತಿಡಿ.

ನಡೆಯುವಾಗ ಗೋಡೆಗಳ ಬುಡ ನೋಡಿ. ಕೆಳಗೆ ಬಿಳಿ ಕಲ್ಲು, ಮೇಲೆ ಇಟ್ಟಿಗೆ. ಆ ಕಲ್ಲು ಏಡ್ರಿಯಾಟಿಕ್‌ನ ಆಚೆ ದಡದ ಇಸ್ತ್ರಿಯಾ ಅನ್ನುವ ಸೀಮೆಯಿಂದ ತಂದದ್ದು, ಬೇಗ ನೀರು ಹೀರುವುದಿಲ್ಲ. ಇಟ್ಟಿಗೆ ಹೀರುತ್ತದೆ. ಕಟ್ಟಿದವರು ಉಬ್ಬರ ಮುಟ್ಟುವ ಎತ್ತರದವರೆಗೆ ಕಲ್ಲು ಹಾಕಿದ್ದರು. ಅವರ ಲೆಕ್ಕ ಸರಿಯಾಗಿಯೇ ಇತ್ತು. ಆಮೇಲೆ ಸಮುದ್ರ ಏರಿತು, ನೆಲವೂ ಇಳಿಯಿತು. ಕಳೆದ ಶತಮಾನದ ನಡುವಿನಲ್ಲಿ ಪಕ್ಕದ ಕಾರ್ಖಾನೆಗಳಿಗೆ ಅಂತರ್ಜಲ ಎಳೆದದ್ದರಿಂದಲೇ ಊರು ಸುಮಾರು 10 ಸೆಂಟಿಮೀಟರ್ ಕುಸಿಯಿತು. 18ನೇ ಶತಮಾನದ ಚಿತ್ರಕಾರ ಕನಲೆತ್ತೊ ಗೋಡೆಯ ಮೇಲಿನ ಪಾಚಿ ಗೆರೆಯನ್ನೂ ಬಿಡದೆ ಬರೆದಿದ್ದ. ವಿಜ್ಞಾನಿಗಳು ಆ ಚಿತ್ರಗಳನ್ನು ಇಂದಿನ ಗೋಡೆಗಳ ಜೊತೆ ಹೋಲಿಸಿದರು. ಗೆರೆ 60 ಸೆಂಟಿಮೀಟರ್‌ಗೂ ಜಾಸ್ತಿ ಮೇಲೆ ಬಂದಿದೆ. ಈಗ ಉಪ್ಪುನೀರು ಕಲ್ಲನ್ನು ದಾಟಿ ಇಟ್ಟಿಗೆಗೆ ಹೋಗುತ್ತದೆ. ಒಣಗಿದಾಗ ಉಪ್ಪು ಒಳಗೇ ಹರಳುಗಟ್ಟಿ ಇಟ್ಟಿಗೆಯನ್ನು ಪುಡಿ ಮಾಡುತ್ತದೆ. ಗೋಡೆಗೆ ಬೆರಳು ತಾಗಿಸಿದರೆ ಕೆಂಪು ಹುಡಿ ಉದುರುತ್ತದೆ.

ಅಂಗಡಿ ಬಾಗಿಲುಗಳ ಎರಡೂ ಬದಿಗೆ ಒಂದು ತೋಡು ಕೊರೆದಿರುತ್ತಾರೆ. ಉಬ್ಬರದ ದಿನ ಅದಕ್ಕೆ ಮೊಣಕಾಲೆತ್ತರದ ಲೋಹದ ತಗಡು ಇಳಿಸುತ್ತಾರೆ, ಅಂಚಿಗೆ ರಬ್ಬರ್. ಅಷ್ಟಾದರೂ ನೆಲದ ಸಂದಿನಿಂದ ಸ್ವಲ್ಪ ನೀರು ಬಂದೇ ಬರುತ್ತದೆ. ನಾನಿದ್ದ ದಿನ, ನೀರು ಇಳಿದ ಮೇಲೆ, ಚೌಕದ ಹಿಂದಿನ ಓಣಿಯಲ್ಲಿ ವಯಸ್ಸಾದ ಅಂಗಡಿಯವರೊಬ್ಬರು ತಗಡು ಎತ್ತಿ ಪಕ್ಕಕ್ಕಿಟ್ಟರು. ಒಳಗಿನ ನೀರನ್ನು ಪೊರಕೆಯಲ್ಲಿ ಹೊರಗೆ ದೂಡಿದರು. ಒಣಗಲು ಬಿಡುತ್ತಾರೆ ಅಂದುಕೊಂಡೆ. ಬಿಡಲಿಲ್ಲ. ನಲ್ಲಿಗೆ ಪೈಪು ಹಾಕಿ ಸಿಹಿನೀರು ಬಿಟ್ಟರು. ನೆಲ, ಹೊಸ್ತಿಲು, ಗೋಡೆಯ ಬುಡ ಎಲ್ಲವನ್ನೂ, ಉಪ್ಪು ಒಳಗೆ ಕೂರುವ ಮೊದಲು, ಒಂದೊಂದು ಮೂಲೆಗೂ ಪೈಪು ಹಿಡಿದು ಮತ್ತೆ ತೊಳೆದರು.